ಹಳದಿ ಮುಚ್ಚಳದ ಅನ್ನ

ಅಕ್ಕಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಅನ್ನಕ್ಕಿಡುವುದನ್ನು ನಾನು ಕಲಿತದ್ದು ನನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಪಾವು, ಸೇರು, ಬೊಗಸೆ ಅಷ್ಟೇ ನನ್ನ ಅಳತೆ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಎಂಬತ್ತು ಜನಕ್ಕೆ ಬೇಯಿಸುವಾಗಲೂ ನೀರಿಗೆ ಬೆರಳಿನ ಗೆಣ್ಣೇ ಗುರುತು. ಆ ಹಾಸ್ಟೆಲ್ ಮುಚ್ಚಿತು. ನಿಮ್ಮ ತಾತ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಬಸವನಗುಡಿಯ ಒಂದು ಸಂಶೋಧನಾ ಕೇಂದ್ರದ ಅಡುಗೆಮನೆಗೆ ಸೇರಿಕೊಂಡೆ.

"ನಮ್ಮಜ್ಜಿ ಲ್ಯಾಬಲ್ಲಿ ಇದ್ರು" ಎಂದು ನೀವು ಗೆಳೆಯರ ಮುಂದೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ, ಮಕ್ಕಳೇ. ನಾನು ಲ್ಯಾಬಿನಲ್ಲಿ ಇರಲಿಲ್ಲ, ಅದರ ಹಿಂದಿನ ಅಡುಗೆಮನೆಯಲ್ಲಿದ್ದೆ. ಅಲ್ಲಿ ಒಂದು ತಿಂಗಳು ನಾನು ಮಾಡಿದ ತಪ್ಪನ್ನು ನಿಮಗೆ ಹೇಳಿಲ್ಲ. ನಿಮ್ಮ ಅಮ್ಮನಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೇಂದ್ರವಿದ್ದದ್ದು ಹಳೆಯ ಕಾಲದ ಒಂದು ಬಂಗಲೆಯಲ್ಲಿ. ಮುಂದಿನ ಕೋಣೆಗಳಲ್ಲಿ ಯಂತ್ರಗಳು, ನಡುವಿನ ಹಜಾರದಲ್ಲಿ ಊಟದ ಮೇಜುಗಳು, ಹಿತ್ತಲಿಗೆ ಅಂಟಿಕೊಂಡಂತೆ ಅಡುಗೆಮನೆ. ಊಟಕ್ಕೆ ಬರುತ್ತಿದ್ದವರು ಹನ್ನೆರಡು ಜನ. ಎಲ್ಲರಿಗೂ ದೊಡ್ಡ ಕರುಳಿನ ಒಳಗೆ ಪುಟ್ಟ ಗಂಟುಗಳು ಬೆಳೆದಿದ್ದು, ಡಾಕ್ಟರು ಟ್ಯೂಬ್ ಹಾಕಿ ತೆಗೆದಿದ್ದರು. ಅಂಥ ಗಂಟುಗಳಲ್ಲಿ ಕೆಲವು ವರ್ಷಗಳು ಕಳೆದ ಮೇಲೆ ಕ್ಯಾನ್ಸರ್ ಆಗಬಹುದಂತೆ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವವೂ ಹೆಚ್ಚಂತೆ. ಊಟ ಬದಲಾಯಿಸಿದರೆ ಕರುಳಿನೊಳಗೆ ಏನು ಬದಲಾಗುತ್ತದೆ ಎಂದು ನೋಡುವುದು ಅಲ್ಲಿಯ ಕೆಲಸ. ಅದನ್ನು ನಡೆಸುತ್ತಿದ್ದವರು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ನಾನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಾ ಎನ್ನುತ್ತಿದ್ದರು.

ಮೊದಲ ದಿನವೇ ಮೇಡಂ ಕೆಲಸ ಹೇಳಿಕೊಟ್ಟರು. ಹುಳಿ, ಪಲ್ಯ, ಮಜ್ಜಿಗೆ ಹನ್ನೆರಡು ಜನಕ್ಕೂ ಒಂದೇ. ಅನ್ನ ಮಾತ್ರ ಎರಡು ಥರ. ಆರು ಜನಕ್ಕೆ ನೀಲಿ ಮುಚ್ಚಳದ ಡಬ್ಬಿ, ಅದರಲ್ಲಿ ಅವತ್ತೇ ಮಾಡಿದ ಬಿಸಿ ಅನ್ನ. ಇನ್ನಾರು ಜನಕ್ಕೆ ಹಳದಿ ಮುಚ್ಚಳದ ಡಬ್ಬಿ. ಅದರ ಅನ್ನವನ್ನು ಹಿಂದಿನ ದಿನ ಮಧ್ಯಾಹ್ನವೇ ಮಾಡಬೇಕು. ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಬೇಗ ಆರಿಸಿ, ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು. ಹೊರಗೆ ಬಿಟ್ಟರೆ ಕಣ್ಣಿಗೆ ಕಾಣದ ವಿಷ ಬೆಳೆಯುತ್ತದೆ. ಮಾರನೆಯ ದಿನ ತೆಗೆದು, ಚೆನ್ನಾಗಿ ಬಿಸಿ ಮಾಡಿ, ತೂಗಿ ಡಬ್ಬಿಗೆ ಹಾಕಬೇಕು. ಒಂದು ತಿಂಗಳಾದ ಮೇಲೆ ಅದಲುಬದಲು, ನೀಲಿಯವರಿಗೆ ಹಳದಿ, ಹಳದಿಯವರಿಗೆ ನೀಲಿ. ಯಾವ ಮುಚ್ಚಳದಲ್ಲಿ ಯಾವ ಅನ್ನ ಎಂದು ಊಟ ಮಾಡುವವರಿಗೆ ಹೇಳಬಾರದು.

"ಎರಡರಲ್ಲಿ ಯಾವುದು ಬಂದ್ರೂ ತಿಂತೀವಿ ಅಂತ ಎಲ್ಲ ಸೈನ್ ಮಾಡಿದಾರೆ. ಗೊತ್ತಾಯ್ತಾಮ್ಮ?" ಎಂದರು.

"ಹೂಂ ಮೇಡಂ" ಎಂದೆ.

ನನ್ನ ಹೂಂ ಕಥೆ ನಿಮಗೆ ಗೊತ್ತೇ ಇದೆ. ಎದುರು ನಿಂತು ಇಲ್ಲ ಅನ್ನಲಾಗದವರು ಹೂಂ ಅಂದು ಹಿಂದಿನಿಂದ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಸಂಕೋಚದವರ ಸುಳ್ಳುಗಳೆಲ್ಲ ಆ ಒಂದು ಹೂಂನಿಂದಲೇ ಶುರು.

ಹಳದಿ ಮುಚ್ಚಳದ ಅನ್ನಕ್ಕೆ ಮೇಡಂ ಏನೋ ಇಂಗ್ಲಿಷ್ ಹೆಸರು ಹೇಳಿದರು. ನನಗೆ ಕೇಳಿಸಿದ್ದು ಒಂದೇ: ತಂಗಳು. ನಾನು ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅವ್ವ ಊರಿನ ದೊಡ್ಡ ಮನೆಯೊಂದರ ಕೊಟ್ಟಿಗೆ ಬಳಿಯಲು ಹೋಗುತ್ತಿದ್ದಳು. ಕೆಲಸ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಅಲ್ಯೂಮಿನಿಯಂ ಪಾತ್ರೆ ಹಿಡಿದು ನಿಲ್ಲುತ್ತಿದ್ದಳು, ಪಕ್ಕದಲ್ಲಿ ನಾನು. ಒಳಗಿನವರು ಹಿಂದಿನ ದಿನದ ಅನ್ನವನ್ನು ಪಾತ್ರೆಗೆ ಕೈ ತಾಗದ ಹಾಗೆ ಮೇಲಿನಿಂದ ಹಾಕುತ್ತಿದ್ದರು. ಗಟ್ಟಿ ಮುದ್ದೆ ಪಾತ್ರೆಗೆ ಬಿದ್ದಾಗ ದೊಪ್ಪೆಂದು ಸದ್ದಾಗುತ್ತಿತ್ತು. ಆ ಸದ್ದಿಗೆ ಅವ್ವ ಕಣ್ಣು ಮುಚ್ಚಿ ತೆಗೆಯುತ್ತಿದ್ದಳು. ಮನೆಗೆ ತಂದು ನೀರಿನಲ್ಲಿ ಕಿವುಚಿ, ಉಪ್ಪು ಹಾಕಿ ಕೊಡುತ್ತಿದ್ದಳು. ನಾವು ತಿನ್ನುತ್ತಿದ್ದೆವು.

ಹಾಸ್ಟೆಲ್ಲಿನಲ್ಲಿ ಇದ್ದಷ್ಟು ವರ್ಷ ಒಂದು ಹುಡುಗಿಯ ತಟ್ಟೆಗೂ ನಾನು ನಿನ್ನೆಯ ಅನ್ನ ಹಾಕಲಿಲ್ಲ. ನನಗಿದ್ದ ಹೆಮ್ಮೆ ಅದೊಂದೇ. ಈಗ ನೋಡಿದರೆ, ತಂಗಳು ಬಡಿಸು, ಬಡಿಸಿದ್ದು ತಂಗಳೆಂದು ಹೇಳಬೇಡ ಎನ್ನುತ್ತಿದ್ದಾರೆ. ನಮಗೆ ಹಾಕುತ್ತಿದ್ದವರಾದರೂ ತಂಗಳೆಂದು ಹೇಳಿಯೇ ಹಾಕುತ್ತಿದ್ದರು.

ಮೊದಲ ಮಧ್ಯಾಹ್ನ ಹೇಳಿದ ಹಾಗೇ ಅನ್ನ ಮಾಡಿ ಹರಡಿದೆ. ಟೆಕ್ನೀಷಿಯನ್ ಒಬ್ಬರಿದ್ದರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಅವರು ಬಂದು ಅನ್ನಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಹೋದರು. ಮಾರನೆಯ ಬೆಳಗ್ಗೆ ಫ್ರಿಜ್ ತೆಗೆದರೆ ಅನ್ನ ಉದುರುದುರಾಗಿ, ಮೇಲೆಲ್ಲ ಬಿರುಸಾಗಿ ಕೂತಿತ್ತು. ಕೈ ಮುಂದೆ ಹೋಗಲಿಲ್ಲ, ಆದರೂ ಅವತ್ತು ಬೇರೆ ಅಕ್ಕಿ ಇರದೆ ಅದನ್ನೇ ಬಿಸಿ ಮಾಡಿ ಬಡಿಸಿದೆ. ಕೇಂದ್ರಕ್ಕೆ ಬರುತ್ತಿದ್ದ ಅಕ್ಕಿಪೇಟೆಯ ಅಂಗಡಿಯ ಅಕ್ಕಿಯೇ ನಮ್ಮ ಮನೆಗೂ ಬರುತ್ತಿತ್ತು. ಬಡಿಸುವ ಎರಡನೆಯ ದಿನದಿಂದ ಚೀಲದಲ್ಲಿ ಮನೆಯ ಅಕ್ಕಿ ತರತೊಡಗಿದೆ. ನೀಲಿ ಡಬ್ಬಿಗೆ ಅನ್ನ ಇಡುವಾಗ ಅದನ್ನೂ ಸೇರಿಸಿ ಬೇಯಿಸಿ, ಎರಡೂ ಮುಚ್ಚಳದ ಕೆಳಗೆ ಬಿಸಿ ಅನ್ನವನ್ನೇ ತುಂಬಿದೆ. ಫ್ರಿಜ್ಜಿನ ಅನ್ನವನ್ನು ಮನೆಗೆ ಒಯ್ದು ನಾನು ಮಜ್ಜಿಗೆ ಹಾಕಿಕೊಂಡು ತಿಂದೆ. ಮಿಕ್ಕದ್ದು ನಮ್ಮ ಬೀದಿಯ ಹಸುವಿಗೆ.

ರಿಜಿಸ್ಟರಿನಲ್ಲಿ ಫ್ರಿಜ್ಜಿನಿಂದ ತೆಗೆದ ಹೊತ್ತು, ತೂಕ ಎಲ್ಲ ಸರಿಯಾಗಿಯೇ ಬರೆಯುತ್ತಿದ್ದೆ. ಕೊನೆಯ ಕಾಲಮ್ಮಿನಲ್ಲಿ 'ಅದೇ ಅನ್ನ ಬಡಿಸಲಾಯಿತು' ಎಂದಿತ್ತು, ಅಲ್ಲಿ ಒಂದು ಟಿಕ್ ಹಾಕಬೇಕು. ಹಾಕುತ್ತಿದ್ದೆ. ಆ ಟಿಕ್ ಒಂದೇ ಸುಳ್ಳು. ಆದರೆ ಇಡೀ ಪುಟ ನಿಂತದ್ದು ಅದರ ಮೇಲೆಯೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಊಟಕ್ಕೆ ಬರುತ್ತಿದ್ದವರಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. ಅವರ ಮನೆ ಎರಡು ರಸ್ತೆ ಆಚೆ, ಅವರ ಅಜ್ಜನ ಕಾಲದಿಂದಲೂ ಅಲ್ಲೇ. ಅವರದು ಹಳದಿ ಮುಚ್ಚಳ. ತಂದೆಯೂ ಅಣ್ಣನೂ ಕರುಳಿನ ಕ್ಯಾನ್ಸರಿನಲ್ಲೇ ಹೋದರು ಎಂದು ಒಂದು ದಿನ ಮಜ್ಜಿಗೆ ಹಾಕಿಸಿಕೊಳ್ಳುತ್ತಾ ಹೇಳಿದ್ದರು. ಆ ಮಾತು ಹೇಳಿದ ಉಸಿರಿನಲ್ಲೇ, "ಏನಮ್ಮಾ, ಹುಳಿಗೆ ಇಂಗು ಹಾಕೋಕೂ ನಿಮ್ಮ ಮೇಡಮ್ಮು ಪರ್ಮಿಷನ್ ಕೊಡ್ಬೇಕಾ?" ಎಂದು ಕೇಳಿದರು.

"ಹಾಕಿದೀನಿ ಮೇಷ್ಟ್ರೇ. ತೂಗಿ ಹಾಕಿದೀನಿ."

"ಇಂಗನ್ನ ತೂಗಿದ್ರಾ! ಸರಿ ಹೋಯ್ತು. ನಮ್ಮಾಕೆ ಚಿನ್ನಾನೂ ಇಷ್ಟು ತೂಗಿ ತಗೊಂಡಿಲ್ಲ."

ಹೋಟೆಲ್ ತಿಂಡಿ ಕೂಡದು, ಮನೆಯಲ್ಲಿ ತಿಂದದ್ದನ್ನೆಲ್ಲ ಹನ್ನೆರಡು ಜನವೂ ಒಂದೊಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಮೇಷ್ಟ್ರ ಪುಸ್ತಕ ಅಂದರೆ ಪರೀಕ್ಷೆಯ ಉತ್ತರಪತ್ರಿಕೆ. "ಬೆಳಗ್ಗೆ ಕಾಫಿ, ಅರ್ಧ ಲೋಟ. ಮೊಮ್ಮಗಳು ಬಾಯಿಗಿಟ್ಟ ಬಿಸ್ಕತ್ತು, ಕಾಲು ಭಾಗ, ತಡೆಯಲಾಗಲಿಲ್ಲ" ಎಂದೆಲ್ಲ ಬರೆದಿರುತ್ತಿದ್ದರು. ವಾರಕ್ಕೊಮ್ಮೆ ಹನ್ನೆರಡು ಜನವೂ ತಮ್ಮ ಮಲವನ್ನು ಪುಟ್ಟ ಡಬ್ಬಿಯಲ್ಲಿ, ಐಸ್ ತುಂಬಿದ ಚೀಲದಲ್ಲಿಟ್ಟು ತಂದುಕೊಡುತ್ತಿದ್ದರು. ಟೆಕ್ನೀಷಿಯನ್ ಮುಖ ಮುರಿಯದೆ ಅದನ್ನು ತೂಗಿ ಯಂತ್ರಕ್ಕೆ ಸಿದ್ಧ ಮಾಡುವುದನ್ನು ನೋಡಿ ನನ್ನ ಅವ್ವನ ಕೊಟ್ಟಿಗೆ ಕೆಲಸ ನೆನಪಾಗುತ್ತಿತ್ತು. ಸಗಣಿಯ ಬಣ್ಣ, ವಾಸನೆ ನೋಡಿ ಹಸುವಿನ ಆರೋಗ್ಯ ಹೇಳುತ್ತಿದ್ದಳು ಅವಳು.

ತಿಂಗಳು ತುಂಬಿದ ಮೇಲೆ ಒಂದು ಬೆಳಗ್ಗೆ ಮೇಡಂ ಕೋಣೆಗೆ ಕಾಫಿ ಕೊಡಲು ಹೋದೆ. ಕಂಪ್ಯೂಟರಿನಲ್ಲಿ ನೀಲಿ ಚುಕ್ಕಿ, ಹಳದಿ ಚುಕ್ಕಿ ಒಂದರೊಳಗೊಂದು ಬೆರೆತು, ಸಾಸಿವೆ ಡಬ್ಬಿ ಚೆಲ್ಲಿದ ಹಾಗಿತ್ತು. ಮೇಡಂ ಕಾಫಿ ಮುಟ್ಟಲಿಲ್ಲ.

"ಏನೂ ವ್ಯತ್ಯಾಸ ಇಲ್ಲ" ಎಂದು ಟೆಕ್ನೀಷಿಯನ್ನಿಗೆ ಹೇಳುತ್ತಿದ್ದರು. "ಹಳದಿ ಮೇಲೆ ಹೋಗ್ಬೇಕಿತ್ತು. ಸ್ವಲ್ಪವಾದ್ರೂ."

"ಹೊರಗಡೆ ತಿಂತಾರೆ ಮೇಡಂ, ಇನ್ನೇನು? ಮೇಷ್ಟ್ರನ್ನ ಮೊನ್ನೆ ಗಾಂಧಿ ಬಜಾರಲ್ಲಿ ನಾನೇ ನೋಡ್ದೆ. ದೋಸೆ ಹೋಟ್ಲಲ್ಲಿ, ಫ್ರೆಂಡ್ಸ್ ಜೊತೆ ಆರಾಮಾಗಿ ಕೂತಿದ್ರು."

"ಪುಸ್ತಕದಲ್ಲಿ ಬರೆದಿಲ್ವಲ್ಲ."

"ಯಾರು ಬರೀತಾರೆ ಮೇಡಂ!"

ಅವತ್ತು ಊಟವಾದ ಮೇಲೆ ಮೇಡಂ ಮೇಷ್ಟ್ರನ್ನು ಕೋಣೆಗೆ ಕರೆದರು. ಬಾಗಿಲು ತೆರೆದೇ ಇತ್ತು. ನಾನು ಹಜಾರದಲ್ಲಿ ಮೇಜು ಒರೆಸುತ್ತಿದ್ದೆ.

"ಸರ್, ಹೊರಗೆ ತಿಂದಿದ್ರೆ ಹೇಳ್ಬಿಡಿ. ತಪ್ಪೇನಿಲ್ಲ. ಆದ್ರೆ ನಿಮ್ಮನ್ನ ಈ ಸ್ಟಡಿಯಿಂದ ಕೈಬಿಡಬೇಕಾಗತ್ತೆ."

"ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಬೇಡ್ರೋ ಅಂತ ಪಾಠ ಹೇಳಿದೋನು ಕಣಮ್ಮಾ ನಾನು. ಹೋಟ್ಲಿಗೆ ಹೋಗಿದ್ದೆ, ಹೌದು. ಅವರು ನಾಲ್ಕು ಜನ ಬೆಣ್ಣೆ ದೋಸೆ ತಿಂದ್ರು. ನಾನು ನೀರು ಕುಡ್ಕೊಂಡು ಕೂತಿದ್ದೆ. ನೀರನ್ನೂ ಬರೀಬೇಕಿತ್ತಾ?"

"ಹಾಗಲ್ಲ ಸರ್..."

"ನಮ್ಮಣ್ಣ ಹೋಗೋವಾಗ ನಾನು ಪಕ್ಕದಲ್ಲಿದ್ದೆ. ಇದನ್ನ ನಾನು ತಮಾಷೆಗೆ ತಿಂತಿಲ್ಲ."

ಹೊರಬಂದು ಕೊಡೆ ಹುಡುಕಿದರು. ಕೊಡೆ ಎದುರಿಗೇ ಗೋಡೆಗೆ ಒರಗಿತ್ತು, ಅವರಿಗೆ ಕಾಣಲಿಲ್ಲ. ನಾನು ಎತ್ತಿಕೊಟ್ಟೆ. ಇಸಿದುಕೊಂಡು ನೆಟ್ಟಗೆ ಗೇಟಿನ ಕಡೆ ನಡೆದರು.

ಮೇಜು ಒರೆಸುವುದನ್ನು ಬಿಟ್ಟು ಅಡುಗೆಮನೆಯಲ್ಲಿ ಹೋಗಿ ನಿಂತೆ. ಮೂರು ಗಂಟೆಗೆ ಹಳದಿ ಅನ್ನ ಹರಡಬೇಕಿತ್ತು. ತಟ್ಟೆಗಳನ್ನು ಜೋಡಿಸಿದೆ. ಅನ್ನ ಹಾಕಲಿಲ್ಲ. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟ್ರು ಸುಳ್ಳು ಹೇಳುತ್ತಾರೆ ಎಂದು ಫೈಲಿನಲ್ಲಿ ಉಳಿಯುತ್ತದೆ. ಹಳದಿ ಅನ್ನದಿಂದ ಏನೂ ಬದಲಾಗುವುದಿಲ್ಲ ಎಂದು ಮೇಡಂ ಬರೆಯುತ್ತಾರೆ. ಯಾರ ಮರ್ಯಾದೆ ಉಳಿಸಬೇಕೆಂದು ನಾನು ಬಿಸಿ ಅನ್ನ ಬಡಿಸಿದೆನೋ ಆ ಮನುಷ್ಯನ ಮರ್ಯಾದೆಯನ್ನೇ ಕಳೆದಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಮೇಡಂ ಕೋಣೆಗೆ ಹೋದೆ.

"ಮೇಡಂ, ಮೇಷ್ಟ್ರು ತಿಂದಿಲ್ಲ. ತಪ್ಪು ನಂದು."

ಮೇಡಂ ತಲೆಯೆತ್ತಿದರು. ನನಗೆ ಮಾತು ಸರಿಯಾಗಿ ಜೋಡಿಸಲು ಬರಲಿಲ್ಲ. ಹಳದಿ ಮುಚ್ಚಳದಲ್ಲೂ ಬಿಸಿ ಅನ್ನವೇ ಇತ್ತು, ಎರಡನೆಯ ದಿನದಿಂದಲೂ ಹಾಗೇ ಎಂದಷ್ಟು ಹೇಳಿದೆ.

"ಒಂದ್ ತಿಂಗಳು?"

"ಹೂಂ."

"ಪೂರ್ತಿ ಒಂದ್ ತಿಂಗಳಾ, ಅಮ್ಮಾ?"

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತರು. ಬೈದಿದ್ದರೆ ಚೆನ್ನಾಗಿತ್ತು. ತಿರುಗದೆಯೇ, "ಯಾಕೆ?" ಎಂದರು. ಹಿತ್ತಲ ಬಾಗಿಲು, ಪಾತ್ರೆ, ಅವ್ವ ಎಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ ಹೇಳಿದ್ದು. ಹೇಳಿ ಮುಗಿಸಿ, "ನಾಳೆಯಿಂದ ಬರಲ್ಲ ಮೇಡಂ" ಎಂದೆ.

"ಕೂತ್ಕೊಳಿ" ಎಂದರು. ನಾನು ಆ ಕೋಣೆಯಲ್ಲಿ ಎಂದೂ ಕೂತಿರಲಿಲ್ಲ. "ಹೇಗೆ ಮಾಡ್ಬೇಕು ಅಂತ ನಿಮಗೆ ಹೇಳ್ದೆ. ಯಾಕೆ ಅಂತ ಹೇಳಲಿಲ್ಲ. ಅದು ನನ್ ತಪ್ಪು. ಈಗ ಕೇಳಿ."

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬಿಸಿ ಅನ್ನದ ಗಂಜಿಯ ಅಂಶ ಹೆಚ್ಚುಕಡಿಮೆ ಎಲ್ಲವೂ ಸಣ್ಣ ಕರುಳಿನಲ್ಲೇ ಸಕ್ಕರೆಯಾಗಿ ರಕ್ತಕ್ಕೆ ಹೋಗುತ್ತದೆ. ದೊಡ್ಡ ಕರುಳಿಗೆ ಏನೂ ಉಳಿಯುವುದಿಲ್ಲ. ಅದೇ ಅನ್ನ ತಣ್ಣಗಾದರೆ ಗಂಜಿಯ ಎಳೆಗಳು ಮತ್ತೆ ಬಿಗಿದುಕೊಳ್ಳುತ್ತವೆ. ಅದರಲ್ಲೊಂದಿಷ್ಟು ಭಾಗ, ಮತ್ತೆ ಬಿಸಿ ಮಾಡಿದರೂ, ಜೀರ್ಣವಾಗದೆ ನಾರಿನ ಹಾಗೆ ದೊಡ್ಡ ಕರುಳನ್ನು ಮುಟ್ಟುತ್ತದೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ದೋಸೆ ಹಿಟ್ಟು ಹುಳಿ ಬರಿಸುವ ಹಾಗೆ ಅವು ಇದನ್ನು ಹುಳಿ ಬರಿಸುತ್ತವೆ. ಆಗ ಬ್ಯುಟಿರೇಟ್ ಎಂಬ ಒಂದು ಆಮ್ಲ ಹುಟ್ಟುತ್ತದೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಊಟ. ಗೋಡೆ ಗಟ್ಟಿಯಾಗಿರುತ್ತದೆ, ಉರಿ ಕಡಿಮೆಯಾಗುತ್ತದೆ. ದಾರಿ ತಪ್ಪಿ ಬೆಳೆಯುವ ಕೋಶಗಳನ್ನು ಅದು ತಡೆಯುವುದನ್ನು ಗಾಜಿನ ತಟ್ಟೆಗಳಲ್ಲಿ ನೋಡಿದ್ದಾರಂತೆ. ಜಿಡ್ಡು, ಮಾಂಸ ಜಾಸ್ತಿಯಾಗಿ ಕಾಳು, ಸೊಪ್ಪು ಕಡಿಮೆಯಾದರೆ ಆಗುವುದು ಬೇರೆ. ಜಿಡ್ಡು ಕರಗಿಸಲು ಪಿತ್ತರಸ ಹೆಚ್ಚು ಸುರಿಯುತ್ತದೆ, ಅದೇ ಸೂಕ್ಷ್ಮಜೀವಿಗಳು ಆ ಪಿತ್ತವನ್ನು ಕರುಳಿನ ಗೋಡೆ ಕೆರೆಯುವಂಥದ್ದಾಗಿ ಮಾರ್ಪಡಿಸುತ್ತವೆ.

"ಹಂಗಾದ್ರೆ ತಂಗಳು ತಿಂದ್ರೆ ಕ್ಯಾನ್ಸರ್ ಬರಲ್ವಾ ಮೇಡಂ?" ಎಂದೆ.

"ಹಂಗಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಾರು ಜಾಸ್ತಿ ತಿನ್ನೋರಲ್ಲಿ ಒಟ್ಟಾರೆ ಕಡಿಮೆ, ಅಷ್ಟು ಗೊತ್ತು. ಈ ಅನ್ನದಿಂದ ಆ ಆಮ್ಲ ಹೆಚ್ಚಾಗತ್ತಾ ಅಂತ ನಾನು ನೋಡ್ತಿರೋದು. ಅದು ಒಂದು ಮೆಟ್ಲು, ಪೂರ್ತಿ ಏಣಿ ಅಲ್ಲ."

ನನಗೆ ಒಂದು ಮಾತು ಹೇಳಬೇಕೆನ್ನಿಸಿತು, ಹೇಗೋ ಹೇಳಿದೆ. "ನಮ್ಮವ್ವ ಅದನ್ನ ಒಳ್ಳೇದು ಅಂತ ತಿಂದಿದ್ದಲ್ಲ ಮೇಡಂ. ಬೇರೆ ಇರಲಿಲ್ಲ."

"ಗೊತ್ತಾಯ್ತಮ್ಮ" ಎಂದರು. ಒಂದು ಬಿಳಿ ಹಾಳೆ ಮುಂದಿಟ್ಟರು. "ನಡೆದಿದ್ದನ್ನೆಲ್ಲ ನೀವೇ ಬರೆದುಕೊಡಿ, ಕನ್ನಡದಲ್ಲೇ. ಕಮಿಟಿಗೆ ಕೊಡ್ಬೇಕು. ಕೆಲಸ ಬಿಡೋ ಮಾತು ಆಮೇಲೆ. ನೀವು ಹೋದ್ರೆ ಇದು ಯಾಕಾಯ್ತು ಅಂತ ಗೊತ್ತಿರೋರೇ ಅಡುಗೆಮನೇಲಿ ಇರಲ್ಲ."

ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಒಂದೂವರೆ ಪುಟ ಬರೆಯಲು ಸಂಜೆಯಾಯಿತು. 'ಅದೇ ಅನ್ನ ಬಡಿಸಲಾಯಿತು' ಎಂಬ ಕಡೆ ಹಾಕಿದ ಟಿಕ್‌ಗಳೆಲ್ಲ ಸುಳ್ಳು, ಮೊದಲ ದಿನದ್ದೊಂದು ಬಿಟ್ಟು, ಎಂದು ಬರೆದು ಸಹಿ ಹಾಕಿದೆ.

ಮೇಡಂ ಮೇಷ್ಟ್ರ ಮನೆಗೆ ಅವತ್ತೇ ಹೋಗಿ ಕ್ಷಮೆ ಕೇಳಿದರು. ಕೇಂದ್ರದ ಕಮಿಟಿ ಎರಡು ಸಲ ಕೂತಿತು. ಆ ತಿಂಗಳ ಕೆಲಸ ಲೆಕ್ಕಕ್ಕಿಲ್ಲ, ಆದರೆ ಏನಾಯಿತೆಂಬುದು ದಾಖಲೆಯಲ್ಲಿ ಇರಬೇಕು ಎಂದಿತು. ಮೊದಲಿನಿಂದ ಶುರು ಮಾಡಬಹುದು, ಬೆಳಗ್ಗೆ ಡಬ್ಬಿ ತುಂಬುವಾಗ ಇನ್ನೊಬ್ಬರು ನಿಂತು ನೋಡಿ ಸಹಿ ಹಾಕಬೇಕು, ಊಟ ಮಾಡುವವರಿಗೆ ಎಲ್ಲ ತಿಳಿಸಿ ಮತ್ತೆ ಒಪ್ಪಿಗೆ ಕೇಳಬೇಕು ಎಂದೂ ಹೇಳಿತು. ತಿಳಿಸುವುದನ್ನು ಮೇಡಂ ತಾವೇ ಮಾಡುತ್ತೇನೆಂದರು. ನಾನು ಬೇಡವೆಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಹನ್ನೆರಡು ಜನರ ಮುಂದೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೆ. "ನೀವೆಲ್ಲ ಒಂದು ತಿಂಗಳು ತಿಂದದ್ದು ಒಂದೇ ಅನ್ನ. ಮೇಡಂ ಹೇಳಿದ ಹಾಗೆ ನಾನು ಮಾಡಲಿಲ್ಲ" ಎಂದೆ. ಯಾಕೆಂದೂ ಹೇಳಿದೆ. ಮೊದಲು ಸಿಟ್ಟು ಬಂದದ್ದು ಒಬ್ಬ ಬ್ಯಾಂಕಿನ ಹೆಂಗಸಿಗೆ. ರಜೆ ಹಾಕಿ ಬರುತ್ತಿದ್ದೆ, ನಾಲ್ಕು ಸಲ ಡಬ್ಬಿಯಲ್ಲಿ ಅದನ್ನು ತುಂಬಿಕೊಂಡು ಬಂದೆ, ಎಲ್ಲ ದಂಡವಾಯಿತಲ್ಲ ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಅವರೂ ಇನ್ನೊಬ್ಬರೂ ಮತ್ತೆ ಬರಲಿಲ್ಲ.

ಮೇಷ್ಟ್ರು ಕೊನೆಯ ಮೇಜಿನಲ್ಲಿದ್ದರು. "ಅಂದ್ರೆ ನಾನು ಬೆಣ್ಣೆ ದೋಸೆ ಮುಂದೆ ಋಷಿ ಥರ ಕೂತಿದ್ದು ಲೆಕ್ಕಕ್ಕೇ ಇಲ್ಲ ಅನ್ನಿ" ಎಂದರು. ಒಂದಿಬ್ಬರು ನಕ್ಕರು. ಅವರು ನಗಲಿಲ್ಲ. "ನಮ್ಮನೇಲೂ ಹಾಕ್ತಿದ್ರಮ್ಮಾ. ಹಿತ್ತಲ ಬಾಗ್ಲಲ್ಲಿ, ಮೇಲಿಂದಾನೇ. ಒಂದೆರಡು ಸಲ ನನ್ನ ಕೈಲೂ ಹಾಕ್ಸಿದಾರೆ. ನಿಮ್ಮ ಹಾಗೆ ಆ ಸದ್ದನ್ನ ನಾನು ನೆನಪಿಟ್ಕೊಂಡಿರಲಿಲ್ಲ." ಆಮೇಲೆ ಮೇಡಂ ಕಡೆ ತಿರುಗಿ, "ಎಲ್ಲಿ ಸೈನ್ ಮಾಡ್ಬೇಕು, ಕೊಡಿ" ಎಂದರು.

ಎರಡನೆಯ ಸಲ ಹತ್ತು ಜನ. ಫ್ರಿಜ್ಜಿನ ಅನ್ನವನ್ನು ಮೊದಲ ದಿನ ಹಳದಿ ಡಬ್ಬಿಗೆ ತುಂಬುವಾಗ ಒಂದೊಂದು ಡಬ್ಬಿಯನ್ನೂ ಎರಡೆರಡು ಸಲ ತೂಗಿದೆ. ಪಕ್ಕದಲ್ಲಿ ನಿಂತಿದ್ದ ಟೆಕ್ನೀಷಿಯನ್ ಸಹಿ ಹಾಕಲು ಆತುರ ಮಾಡಲಿಲ್ಲ. ಒಂದು ವಾರದ ಹೊತ್ತಿಗೆ ಕೈಗೆ ಅಭ್ಯಾಸವಾಯಿತು. ಮನಸ್ಸಿಗೆ ಆಯಿತೆಂದು ಹೇಳಲಾರೆ. ಈಗಲೂ ಮನೆಯಲ್ಲಿ ನಿಮಗೆ ನಾನು ಬಿಸಿ ಅನ್ನವನ್ನೇ ಹಾಕುವುದು. ಕಾಳು, ಸೊಪ್ಪು ಮಾತ್ರ ಜಾಸ್ತಿ ಹಾಕುತ್ತೇನೆ, ನೀವು ಗೊಣಗುತ್ತೀರಿ.

ಎರಡು ತಿಂಗಳು ಮುಗಿದು ಯಂತ್ರದ ಕೆಲಸವೂ ಆದ ಮೇಲೆ ಮೇಡಂ ನನ್ನನ್ನು ಕರೆದು ಪರದೆ ತೋರಿಸಿದರು. ಈ ಸಲ ಬಹಳ ಜನರ ಹಳದಿ ಚುಕ್ಕಿ ನೀಲಿಗಿಂತ ಮೇಲೆ ಹೋಗಿತ್ತು, ಕೆಲವರದು ಚೂರೇ ಚೂರು. ಒಬ್ಬರದು ಮಾತ್ರ ಎರಡೂ ಅಕ್ಕಪಕ್ಕ, ಒಂದೇ ಮಟ್ಟದಲ್ಲಿ.

"ಇದು ಯಾರದು ಮೇಡಂ?"

"ಮೇಷ್ಟ್ರದು."

ಟೆಕ್ನೀಷಿಯನ್ ಬಾಗಿಲಲ್ಲೇ ನಿಂತಿದ್ದರು. ಮೇಡಂ ಮೇಷ್ಟ್ರ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ಪುಟ ತಿರುವಿದರು. ಹೋಟೆಲಿನಲ್ಲಿ ತಿಂದದ್ದು ಏನೂ ಇರಲಿಲ್ಲ. ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದರು.

"ಅಡುಗೆಮನೆ ಕಡೆ, ಅಮ್ಮಾ?"

"ಸರಿಯಾಗಿತ್ತು ಮೇಡಂ."

"ಕೆಲವರ ಕರುಳಲ್ಲಿ ಆ ಕೆಲಸ ಮಾಡೋ ಜೀವಿಗಳು ಕಮ್ಮಿ ಇರ್ತವೆ" ಎಂದರು. ರಿಜಿಸ್ಟರು ತರಿಸಲಿಲ್ಲ, ಟೆಕ್ನೀಷಿಯನ್ನನ್ನೂ ಕೇಳಲಿಲ್ಲ. ಆ ಎರಡು ಚುಕ್ಕಿಗಳನ್ನು ಇದ್ದಲ್ಲೇ ಬಿಟ್ಟು, ಕೆಳಗೆ ಸ್ಟಡಿಯಲ್ಲಿ ಮೇಷ್ಟ್ರಿಗಿದ್ದ ನಂಬರು ಬರೆದರು.